ಅರಿವು ಕೇಂದ್ರದ ಸರ್ವರ್‌ನಲ್ಲಿ ಕೋಡ್ ಎಡಿಟರ್: ನಿರ್ಣಯಕ್ಕೆ ಮುನ್ನ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದ ನಂತರ, ಅವು ಪುಸ್ತಕ ಮತ್ತು ದಿನಪತ್ರಿಕೆಗಳ ಸ್ಥಳವಾಗಿ ಮಾತ್ರ ಉಳಿದಿಲ್ಲ. 2020ರ ಓದುವ ಬೆಳಕು ಕಾರ್ಯಕ್ರಮವು ಮಕ್ಕಳನ್ನು ಅಲ್ಲಿಗೆ ಕರೆತಂದಿತು. ಅನಂತರ ಹಲವು ಕಡೆ ಕಂಪ್ಯೂಟರ್, ಅಂತರ್ಜಾಲ ಸಂಪರ್ಕಗಳೂ ಬಂದವು. ಇದರ ಫಲವಾಗಿ ಹೊಸ ಬಗೆಯ ಬೇಡಿಕೆಯೊಂದು ಹುಟ್ಟುವುದು ಸಹಜ. ಹಾಸನದ ಕಾಲೇಜಿನಲ್ಲಿ ಕಂಪ್ಯೂಟರ್ ವಿಷಯ ಓದುತ್ತಿರುವ ಅರಕಲಗೂಡು ಅಥವಾ ಹೊಳೆನರಸೀಪುರ ತಾಲ್ಲೂಕಿನ ವಿದ್ಯಾರ್ಥಿಯು ರಜೆಗೆ ಊರಿಗೆ ಬಂದಾಗ ಆತನ ಕೈಯಲ್ಲಿ ಇರುವುದು ಮೊಬೈಲ್ ಫೋನ್ ಮಾತ್ರ. ಪ್ರಯೋಗಾಲಯದಲ್ಲಿ ಅರ್ಧಕ್ಕೆ ನಿಂತ ಪ್ರೋಗ್ರಾಂ ಅಲ್ಲಿಯೇ ಉಳಿಯುತ್ತದೆ. ಅಂಥವರು ಊರಿನ ಅರಿವು ಕೇಂದ್ರದಲ್ಲಿ ಕುಳಿತು ಕೆಲಸ ಮುಂದುವರಿಸುವಂತೆ ಮಾಡಬಹುದೇ ಎಂಬುದು ಪ್ರಶ್ನೆ.

ಮಾಡಬಹುದು, ಅದಕ್ಕೆ ತಂತ್ರಾಂಶದ ಖರ್ಚೂ ಇಲ್ಲ. ಆದರೆ ಈ ವ್ಯವಸ್ಥೆಯಲ್ಲಿ ಒಂದು ಬೀಗದ ಕೈ ಇದೆ. ಅದು ಯಾರ ಬಳಿ ಇರಬೇಕು ಎಂಬುದನ್ನು ತಂತ್ರಜ್ಞರಿಗೆ ಬಿಡದೆ ಸದಸ್ಯರೇ ತೀರ್ಮಾನಿಸಬೇಕಾಗುತ್ತದೆ.

ಎಡಿಟರ್ ಎಂದರೇನು

ಕಂಪ್ಯೂಟರ್‌ಗೆ ಕೊಡುವ ಆದೇಶಗಳನ್ನು ಸಾಲುಸಾಲಾಗಿ ಬರೆದಿಟ್ಟರೆ ಅದು ಪ್ರೋಗ್ರಾಂ. ಅದನ್ನು ಬರೆಯಲು, ತಿದ್ದಲು, ಓಡಿಸಿ ನೋಡಲು ಬಳಸುವ ಸಾಧನವೇ ಕೋಡ್ ಎಡಿಟರ್. ಸಾಮಾನ್ಯವಾಗಿ ಇದನ್ನು ಪ್ರತಿಯೊಂದು ಕಂಪ್ಯೂಟರ್‌ನಲ್ಲಿಯೂ ಬೇರೆಬೇರೆಯಾಗಿ ಹಾಕಬೇಕು ಮತ್ತು ಆ ಕಂಪ್ಯೂಟರ್ ಸಾಕಷ್ಟು ಸಬಲವಾಗಿರಬೇಕು. ಜಾಲ ಆಧಾರಿತ ಎಡಿಟರ್‌ನ ಕ್ರಮ ಬೇರೆ. ಎಡಿಟರ್ ಇರುವುದು ಒಂದೇ ಯಂತ್ರದಲ್ಲಿ. ಉಳಿದವರು ತಮ್ಮ ಮುಂದಿರುವ ಹಳೆಯ ಕಂಪ್ಯೂಟರ್ ಅಥವಾ ಟ್ಯಾಬ್ಲೆಟ್‌ನ ಬ್ರೌಸರ್‌ನಲ್ಲಿ ಒಂದು ವಿಳಾಸ ತೆರೆದು, ಪಾಸ್‌ವರ್ಡ್ ಕೊಟ್ಟು ಅದನ್ನು ಬಳಸುತ್ತಾರೆ. ಬರೆದದ್ದು ಉಳಿಯುವುದೂ, ಪ್ರೋಗ್ರಾಂ ಓಡುವುದೂ ಆ ಒಂದು ಯಂತ್ರದಲ್ಲಿಯೇ. ಆ ಯಂತ್ರವನ್ನು ಸರ್ವರ್ ಎನ್ನುತ್ತಾರೆ.

ಗೊರೂರಿನ ಹೇಮಾವತಿ ಜಲಾಶಯವನ್ನು ನೆನೆದರೆ ಈ ಏರ್ಪಾಡು ಸುಲಭವಾಗಿ ತಿಳಿಯುತ್ತದೆ. ನೀರು ನಿಂತಿರುವುದು ಹಾಸನ ತಾಲ್ಲೂಕಿನ ಒಂದೆಡೆ. ಎಡದಂಡೆಯ ನಾಲೆ ಚನ್ನರಾಯಪಟ್ಟಣದ ಕಡೆಗೂ ಬಲದಂಡೆಯ ನಾಲೆಗಳು ಅರಕಲಗೂಡು, ಹೊಳೆನರಸೀಪುರಗಳ ಕಡೆಗೂ ಹರಿಯುತ್ತವೆ. ಗದ್ದೆಯ ರೈತನಿಗೆ ಬೇಕಾದುದು ತೂಬು ಮಾತ್ರ, ಜಲಾಶಯವಲ್ಲ. ಹಾಗೆಯೇ ವಿದ್ಯಾರ್ಥಿಗೆ ಬೇಕಾದುದು ಬ್ರೌಸರ್ ಮಾತ್ರ. ಹೋಲಿಕೆ ಒಂದು ಕಡೆ ಮುರಿಯುತ್ತದೆ ಎಂಬುದನ್ನೂ ಹೇಳಬೇಕು: ಗದ್ದೆಯ ತೂಬನ್ನು ತೆಗೆದವನು ಜಲಾಶಯದ ಗೇಟನ್ನು ಎತ್ತಲಾರ. ಈ ಎಡಿಟರ್‌ನಲ್ಲಿ, ಎಚ್ಚರ ತಪ್ಪಿದರೆ, ತೂಬು ತೆಗೆದವನು ಗೇಟನ್ನೂ ಎತ್ತಬಲ್ಲ. ಕಾರಣ ಮುಂದೆ ಬರುತ್ತದೆ.

ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ತಂತ್ರಾಂಶದ ಹೆಸರು ಕೋಡ್-ಸರ್ವರ್. ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ವಿಷುಯಲ್ ಸ್ಟುಡಿಯೋ ಕೋಡ್ ಎಂಬ ಎಡಿಟರನ್ನು ಹೊರತಂದು, ಅದೇ ವರ್ಷ ಅದರ ಮೂಲ ಸಂಕೇತವನ್ನು ಎಂಐಟಿ ಪರವಾನಗಿಯಡಿ ಎಲ್ಲರಿಗೂ ತೆರೆದಿಟ್ಟಿತು. ಆ ಮೂಲವನ್ನು ಸರ್ವರ್‌ನಲ್ಲಿ ಓಡುವಂತೆ ಮಾರ್ಪಡಿಸಿ, ಕೋಡರ್ ಎಂಬ ಕಂಪನಿಯು 2019ರಲ್ಲಿ ಕೋಡ್-ಸರ್ವರನ್ನು ಪ್ರಕಟಿಸಿತು. ಇದೂ ಮುಕ್ತ ತಂತ್ರಾಂಶವೇ. ಪರವಾನಗಿ ಶುಲ್ಕವಿಲ್ಲ, ವಾರ್ಷಿಕ ನವೀಕರಣ ಶುಲ್ಕವೂ ಇಲ್ಲ. ಯಾರಾದರೂ ಈ ಹೆಸರಿನಲ್ಲಿ ಪರವಾನಗಿಯ ದರಪಟ್ಟಿ ಸಲ್ಲಿಸಿದರೆ ಸದಸ್ಯರು ಅದನ್ನು ಒಪ್ಪಬೇಕಾಗಿಲ್ಲ. ಅಳವಡಿಕೆಯ ಶ್ರಮಕ್ಕೆ, ಯಂತ್ರಕ್ಕೆ, ಯುಪಿಎಸ್‌ಗೆ ಹಣ ಬೇಕಾಗುತ್ತದೆ; ಅದು ಬೇರೆ ಬಾಬ್ತು.

ಲಿನಕ್ಸ್ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಗಳಲ್ಲಿ ಅದೂ ಒಂದು, ಶುಲ್ಕರಹಿತ. ಅದು ಹಳ್ಳಿಗೆ ಒಗ್ಗದ ವಸ್ತುವೆಂಬ ಭಾವನೆ ಮಾತ್ರ ಸರಿಯಲ್ಲ. ನೆರೆಯ ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಆರಂಭವಾಗಿ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾದ ಯೋಜನೆಯು ಸರ್ಕಾರಿ ಶಾಲೆಗಳಲ್ಲಿ ಲಿನಕ್ಸನ್ನೇ ಬಳಸುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಂಪ್ಯೂಟರ್ ಕಲಿಯುತ್ತಾರೆ.

ಯಂತ್ರ ಎಷ್ಟು ದೊಡ್ಡದಿರಬೇಕು

ಕೋಡ್-ಸರ್ವರ್ ನಡೆಸಲು ಕನಿಷ್ಠ 1 ಜಿಬಿ ಮೆಮೊರಿ ಮತ್ತು 2 ಸಂಸ್ಕರಣಾ ಕೋರ್‌ಗಳು ಇರಬೇಕೆಂದು ಅದನ್ನು ಸಿದ್ಧಪಡಿಸಿದವರೇ ಸೂಚಿಸಿದ್ದಾರೆ. ಇದು ಒಬ್ಬ ಬಳಕೆದಾರನ ಲೆಕ್ಕ. ಒಂದು ಕೋಡ್-ಸರ್ವರ್ ಒಬ್ಬರಿಗಾಗಿ ರೂಪಿತವಾದದ್ದು. ಎಂಟು ಮಂದಿ ಕಲಿಯಬೇಕಾದರೆ ಎಂಟು ಪ್ರತ್ಯೇಕ ಲಿನಕ್ಸ್ ಖಾತೆಗಳನ್ನು ತೆರೆದು, ಒಂದೊಂದಕ್ಕೂ ಒಂದು ಕೋಡ್-ಸರ್ವರ್ ನಡೆಸಬೇಕಾಗುತ್ತದೆ. ಎಂಟು ಮಂದಿಗೆ 8 ಜಿಬಿ, ಮೂಲ ತಂತ್ರಾಂಶಕ್ಕೆ ಒಂದಿಷ್ಟು ಎಂದು ಕೂಡಿದರೆ 16 ಜಿಬಿ ಮೆಮೊರಿಯ ಒಂದು ಡೆಸ್ಕ್‌ಟಾಪ್ ಸಾಕಾಗುತ್ತದೆ. ಇಬ್ಬರು ಮೂವರಿಗಾದರೆ 4 ಜಿಬಿಯ ಹಳೆಯ ಯಂತ್ರವೂ ನಡೆದೀತು. ಎಲ್ಲರಿಗೂ ಒಂದೇ ಖಾತೆ ಎಂಬ ಸುಲಭದ ದಾರಿಯನ್ನು ಯಾರಾದರೂ ಸೂಚಿಸಿದರೆ ಅದನ್ನು ನಿರಾಕರಿಸುವುದು ಯುಕ್ತ: ಒಬ್ಬ ಹುಡುಗಿಯ ತಿಂಗಳ ಕೆಲಸವನ್ನು ಮತ್ತೊಬ್ಬನು ಅರಿಯದೆಯೇ ಒಂದು ಕ್ಷಣದಲ್ಲಿ ಅಳಿಸಿಬಿಡಬಹುದು.

ಮೂಲ ತಂತ್ರಾಂಶವಾಗಿ ಉಬುಂಟುವಿನ ದೀರ್ಘಾವಧಿ ಆವೃತ್ತಿಯನ್ನು ಆರಿಸಿಕೊಳ್ಳುವುದು ಸೂಕ್ತ. 2024ರ ಏಪ್ರಿಲ್‌ನಲ್ಲಿ ಬಂದ 24.04 ಆವೃತ್ತಿಗೆ 5 ವರ್ಷಗಳ ಭದ್ರತಾ ತಿದ್ದುಪಡಿಗಳು ಉಚಿತವಾಗಿ ದೊರೆಯುತ್ತವೆ. ವಿದ್ಯುತ್ ಕಡಿತದ ವಿಷಯದಲ್ಲಿ ಜಿಪುಣತನ ತರವಲ್ಲ. ಬರೆಯುತ್ತಿರುವಾಗ ವಿದ್ಯುತ್ ಹೋದರೆ ವಿದ್ಯಾರ್ಥಿಯ ಕೊನೆಯ ಕೆಲವು ಸಾಲುಗಳು ಹೋಗಬಹುದು. ಪದೇಪದೇ ಹೀಗಾದರೆ ಡಿಸ್ಕ್ ಕೆಡಬಹುದು. ಸರ್ವರ್‌ಗೂ ರೂಟರ್‌ಗೂ ಸೇರಿ ಒಂದು ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕದಿರುವುದೇ ಮೇಲು.

ಬೀಗದ ಕೈ

ಎಡಿಟರ್‌ನ ಪರದೆಯಲ್ಲಿ ಎಡಗಡೆ ಕಡತಗಳ ಪಟ್ಟಿ, ನಡುವೆ ಬರೆಯುವ ಜಾಗ ಇರುತ್ತವೆ. ಕೆಳಗೆ ಟರ್ಮಿನಲ್ ಎಂಬ ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಸದಸ್ಯರು ಗಮನಿಸಬೇಕಾದುದು ಈ ಕಿಟಕಿಯನ್ನು. ಅಲ್ಲಿ ಟೈಪ್ ಮಾಡುವ ಆದೇಶವು ವಿದ್ಯಾರ್ಥಿಯ ಮುಂದಿರುವ ಕಂಪ್ಯೂಟರ್‌ಗಲ್ಲ, ನೇರವಾಗಿ ಸರ್ವರ್‌ಗೇ ಹೋಗುತ್ತದೆ. ಅಂದರೆ ಎಡಿಟರ್‌ನ ಪಾಸ್‌ವರ್ಡ್ ಗೊತ್ತಿರುವವರು ಸರ್ವರ್‌ನ ಮುಂದೆ ಕೀಲಿಮಣೆ ಹಿಡಿದು ಕುಳಿತವರಿಗೆ ಸಮ. ಆ ಖಾತೆಗೆ ಏನೆಲ್ಲ ಅಧಿಕಾರವಿದೆಯೋ ಅಷ್ಟೂ ಅವರಿಗೆ ಇರುತ್ತದೆ. ಖಾತೆಗೆ ಸುಡೋ ಎಂಬ ಆಡಳಿತಾಧಿಕಾರವನ್ನು ಕೊಟ್ಟಿದ್ದರೆ ಇಡೀ ಯಂತ್ರವೇ ಅವರ ವಶ.

ಹಳ್ಳಿಯಲ್ಲಿ ನೀರು ಬಿಡುವ ವಾಲ್ವ್‌ನ ಕೀಲಿ ನೀರಗಂಟಿಯ ಬಳಿ ಇರುತ್ತದೆ. ಯಾರ ಬಳಿ ಇದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಕಂಪ್ಯೂಟರ್‌ನ ಪಾಸ್‌ವರ್ಡ್ ವಿಷಯದಲ್ಲಿ ಹೀಗಾಗುವುದಿಲ್ಲ. ಅಳವಡಿಸಲು ಬಂದವರು ತಮಗೆ ತೋಚಿದ ಪದವೊಂದನ್ನು ಇಟ್ಟು, ಗೋಡೆಗೆ ಚೀಟಿ ಅಂಟಿಸಿ ಹೋಗುತ್ತಾರೆ. ಒಂದು ತಿಂಗಳಲ್ಲಿ ಅದು ಊರಿಗೆಲ್ಲ ತಿಳಿಯುತ್ತದೆ.

ಹಾಗಾದರೆ ಆಗುವ ನಷ್ಟವೇನು? ಮಕ್ಕಳ ಅಭ್ಯಾಸದ ಕಡತಗಳಷ್ಟೇ ಇದ್ದರೆ ದೊಡ್ಡದಲ್ಲ. ಆದರೆ ಹಲವು ಕಡೆ ಅರಿವು ಕೇಂದ್ರವೂ ಪಂಚಾಯಿತಿ ಕಚೇರಿಯೂ ಒಂದೇ ಕಟ್ಟಡದಲ್ಲಿವೆ, ಒಂದೇ ರೂಟರ್‌ಗೆ ಸೇರಿವೆ. ಆಗ ಸರ್ವರ್‌ನ ಟರ್ಮಿನಲ್‌ನಿಂದ ಕಚೇರಿಯ ಕಂಪ್ಯೂಟರ್‌ಗಳನ್ನೂ ಪ್ರಿಂಟರನ್ನೂ ತಟ್ಟಿ ನೋಡಲು ಸಾಧ್ಯವಾಗುತ್ತದೆ. ಪಂಚತಂತ್ರ, ಇ-ಸ್ವತ್ತು ಕೆಲಸ ನಡೆಯುವುದು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಡಿಜಿಟಲ್ ಸಹಿಯ ಸಾಧನವನ್ನು ಸಿಕ್ಕಿಸುವುದು ಆ ಕಂಪ್ಯೂಟರ್‌ಗಳಲ್ಲಿಯೇ. ಆದುದರಿಂದ ಕಲಿಕೆಯ ಸರ್ವರ್ ಕಚೇರಿಯ ಜಾಲದಲ್ಲಿ ಇರಬಾರದು. ಅದಕ್ಕೆ ಪ್ರತ್ಯೇಕ ರೂಟರ್ ಇರಬೇಕು, ಇಲ್ಲವೇ ಒಂದೇ ರೂಟರ್‌ನಲ್ಲಿ ಜಾಲವನ್ನು ಎರಡಾಗಿ ವಿಭಜಿಸಿರಬೇಕು. ಕಚೇರಿಯ ಯಾವುದೇ ದಾಖಲೆಯನ್ನು, ಫಲಾನುಭವಿಗಳ ಪಟ್ಟಿಯ ಒಂದು ಪ್ರತಿಯನ್ನೂ, ತಾತ್ಕಾಲಿಕವಾಗಿಯಾದರೂ ಆ ಸರ್ವರ್‌ನಲ್ಲಿ ಇಡಬಾರದು.

ಅಳವಡಿಸುವ ಕ್ರಮ

ಅಳವಡಿಕೆಯನ್ನು ಸದಸ್ಯರು ಮಾಡಬೇಕಾಗಿಲ್ಲ. ಆದರೆ ಮಾಡಿದವರನ್ನು ಪ್ರಶ್ನಿಸುವಷ್ಟು ತಿಳಿದಿರುವುದು ಒಳಿತು. ಹಾಸನದಲ್ಲಿ 1960ರಿಂದ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಇದೆ, ಸರ್ಕಾರಿ ಇಂಜಿನಿಯರಿಂಗ್ ಕಾಲೇಜೂ ಇದೆ. ಅಲ್ಲಿ ಓದುವ ಊರಿನ ವಿದ್ಯಾರ್ಥಿಗಳ ನೆರವಿನಿಂದಲೇ ಒಂದು ದಿನದಲ್ಲಿ ಮುಗಿಯುವ ಕೆಲಸವಿದು.

ಮೊದಲು ಉಬುಂಟು ಹಾಕಿ, ಬಾಕಿ ಇರುವ ತಿದ್ದುಪಡಿಗಳನ್ನೆಲ್ಲ ಸೇರಿಸಿಕೊಳ್ಳಬೇಕು. ನಂತರ ಕೋಡ್-ಸರ್ವರ್‌ನ ಡೆಬ್ ಮಾದರಿಯ ಪ್ಯಾಕೇಜನ್ನು ಅದರ ಅಧಿಕೃತ ಪ್ರಕಟಣಾ ತಾಣದಿಂದ ಇಳಿಸಿಕೊಂಡು ಹಾಕಬೇಕು. ಜಾಲದಿಂದ ಒಂದು ಸ್ಕ್ರಿಪ್ಟನ್ನು ತಂದು ಓದದೆಯೇ ನೇರವಾಗಿ ಓಡಿಸುವ ಒಂದು ಸಾಲಿನ ವಿಧಾನವೂ ಪ್ರಚಲಿತವಾಗಿದೆ. ತಯಾರಕರೇ ಅದನ್ನು ಕೊಟ್ಟಿರುವುದರಿಂದ ಅದು ತಪ್ಪೇನಲ್ಲ. ಆದರೆ ಸಾರ್ವಜನಿಕ ಹಣದಲ್ಲಿ ಕೊಂಡ ಯಂತ್ರದಲ್ಲಿ ಯಾವ ಆವೃತ್ತಿಯನ್ನು, ಯಾವ ದಿನ ಹಾಕಲಾಯಿತು ಎಂಬುದು ದಾಖಲಾಗಬೇಕು. ಪ್ಯಾಕೇಜ್ ವಿಧಾನದಲ್ಲಿ ಅದು ಸುಲಭ. ಹೀಗೆ ಕೈಯಾರೆ ಹಾಕಿದ ಕೋಡ್-ಸರ್ವರ್ ಉಬುಂಟುವಿನ ಇತರ ತಂತ್ರಾಂಶಗಳಂತೆ ತಾನಾಗಿ ನವೀಕರಣಗೊಳ್ಳುವುದಿಲ್ಲ ಎಂಬುದು ಹಲವರಿಗೆ ತಿಳಿದಿರುವುದಿಲ್ಲ. ತಿಂಗಳಿಗೊಮ್ಮೆ ಹೊಸ ಆವೃತ್ತಿ ಬಂದಿದೆಯೇ ಎಂದು ನೋಡಿ ಹಾಕುವ ಹೊಣೆಯನ್ನು ಯಾರಿಗಾದರೂ ವಹಿಸಲೇಬೇಕು.

ಮುಂದಿನ ಹೆಜ್ಜೆ ಖಾತೆಗಳು. ಪ್ರತಿ ಕಲಿಕಾರ್ಥಿಗೂ ಆಡಳಿತಾಧಿಕಾರವಿಲ್ಲದ ಒಂದು ಖಾತೆ. ಖಾತೆಗೆ ಮಗುವಿನ ಹೆಸರು, ಆಧಾರ್ ಅಥವಾ ಫೋನ್ ಸಂಖ್ಯೆ ಬಳಸದೆ ಕಲಿಕೆ 1, ಕಲಿಕೆ 2 ಎಂಬಂತೆ ಕ್ರಮಸಂಖ್ಯೆ ಕೊಟ್ಟು, ಯಾವ ಸಂಖ್ಯೆ ಯಾರದು ಎಂಬುದನ್ನು ಕಾಗದದ ವಹಿಯಲ್ಲಿ ಮಾತ್ರ ಬರೆದಿಡುವುದು ಲೇಸು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷದೊಳಗಿನವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ ಮತ್ತು ಅವರ ದತ್ತಾಂಶಕ್ಕೆ ಪೋಷಕರ ಸಮ್ಮತಿಯನ್ನು ಬಯಸುತ್ತದೆ. ಸಂಗ್ರಹಿಸದೆ ಇರುವ ಮಾಹಿತಿಯು ಸೋರಿಹೋಗುವ ಪ್ರಶ್ನೆಯೇ ಬರುವುದಿಲ್ಲ. ಪ್ರತಿ ಖಾತೆಯ ಕೋಡ್-ಸರ್ವರನ್ನು ಲಿನಕ್ಸ್‌ನ ಸಿಸ್ಟಮ್‌ಡಿ ವ್ಯವಸ್ಥೆಯಲ್ಲಿ ಸೇವೆಯಾಗಿ ನೋಂದಾಯಿಸಿದರೆ, ವಿದ್ಯುತ್ ಹೋಗಿ ಬಂದು ಯಂತ್ರ ಪುನಃ ಆರಂಭವಾದಾಗ ಅದೂ ತಾನಾಗಿ ಆರಂಭವಾಗುತ್ತದೆ. ಮೇಲ್ವಿಚಾರಕರು ಏನನ್ನೂ ಟೈಪ್ ಮಾಡಬೇಕಾಗುವುದಿಲ್ಲ.

ಕೋಡ್-ಸರ್ವರ್ ಮೊದಲ ಬಾರಿ ಆರಂಭವಾದಾಗ ತಾನೇ ಒಂದು ಪಾಸ್‌ವರ್ಡನ್ನು ಹುಟ್ಟಿಸಿ, ತನ್ನ ಸಂರಚನಾ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅದೇ ಕಡತದಲ್ಲಿ 127.0.0.1 ಎಂಬ ವಿಳಾಸ ಮತ್ತು 8080 ಎಂಬ ಪೋರ್ಟ್ ಸಂಖ್ಯೆ ಇರುತ್ತವೆ. ಆ ವಿಳಾಸದ ಅರ್ಥ, ಈ ಯಂತ್ರದಿಂದ ಮಾತ್ರ ಪ್ರವೇಶ ಎಂದು. ತಯಾರಕರು ಇದನ್ನು ಬೇಕೆಂದೇ ಹೀಗೆ ಇಟ್ಟಿದ್ದಾರೆ. ಪಕ್ಕದ ಕಂಪ್ಯೂಟರ್‌ನಿಂದ ಎಡಿಟರ್ ತೆರೆಯುತ್ತಿಲ್ಲವೆಂದು ಅವಸರದಲ್ಲಿ ಅದನ್ನು 0.0.0.0 ಎಂದು ಬದಲಿಸಿ, ಪಾಸ್‌ವರ್ಡ್ ಕೇಳುವ ಕಿರಿಕಿರಿ ಬೇಡವೆಂದು ಅದನ್ನೂ ತೆಗೆದುಹಾಕುವವರಿದ್ದಾರೆ. ಎಲ್ಲ ಅನಾಹುತದ ಮೂಲ ಈ ಎರಡು ಬದಲಾವಣೆಗಳು.

ಸರಿಯಾದ ಕ್ರಮವೆಂದರೆ ಕೋಡ್-ಸರ್ವರನ್ನು 127.0.0.1ರಲ್ಲಿಯೇ ಬಿಟ್ಟು, ಅದರ ಮುಂದೆ ಕ್ಯಾಡಿ ಅಥವಾ ಎಂಜಿನ್‌ಎಕ್ಸ್ ಎಂಬ ಮತ್ತೊಂದು ತಂತ್ರಾಂಶವನ್ನು ದ್ವಾರಪಾಲಕನಂತೆ ನಿಲ್ಲಿಸುವುದು. ಬ್ರೌಸರ್‌ನಿಂದ ಬರುವ ಸಂಪರ್ಕವನ್ನು ಅದು ಗೂಢಲಿಪಿಯಲ್ಲಿ, ಅಂದರೆ ಎಚ್‌ಟಿಟಿಪಿಎಸ್ ಮೂಲಕ ಸ್ವೀಕರಿಸಿ ಒಳಕ್ಕೆ ಕಳುಹಿಸುತ್ತದೆ. ಹೀಗೆ ಮಾಡದಿದ್ದರೆ ಪಾಸ್‌ವರ್ಡ್ ತೆರೆದ ಅಂಚೆ ಕಾರ್ಡಿನಂತೆ ವೈಫೈಯಲ್ಲಿ ಹಾದುಹೋಗುತ್ತದೆ. ಬ್ರೌಸರ್ ಸಹ ನಕಲು ಮಾಡಿ ಅಂಟಿಸುವಂತಹ ಕೆಲವು ಸೌಲಭ್ಯಗಳನ್ನು ತಡೆಹಿಡಿಯುತ್ತದೆ.

ಇಷ್ಟಾದ ಮೇಲೆ ಸದಸ್ಯರೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಕೇಂದ್ರದ ಹೊರಗಿನ ಅಂತರ್ಜಾಲ ವಿಳಾಸವನ್ನು ತಂತ್ರಜ್ಞರಿಂದ ಬರೆಸಿಕೊಂಡು, ತಮ್ಮ ಫೋನ್‌ನ ವೈಫೈ ಆರಿಸಿ, ಮೊಬೈಲ್ ಡೇಟಾದ ಮೂಲಕ ಆ ವಿಳಾಸವನ್ನೂ, ಅದರ ಮುಂದೆ 8080 ಸೇರಿಸಿಯೂ ತೆರೆದು ನೋಡಬೇಕು. ಪಾಸ್‌ವರ್ಡ್ ಕೇಳುವ ಪುಟ ಬಂದರೆ, ಆ ಬಾಗಿಲು ಜಗತ್ತಿಗೇ ತೆರೆದಿದೆ ಎಂದು ಅರ್ಥ. ಏನೂ ತೆರೆಯದಿದ್ದರೆ ಅಳವಡಿಕೆ ಸರಿಯಾಗಿದೆ. ಕೋಡ್-ಸರ್ವರ್ ತಪ್ಪು ಪಾಸ್‌ವರ್ಡ್‌ಗಳನ್ನು ನಿಮಿಷಕ್ಕೆ 2, ಗಂಟೆಗೆ ಹೆಚ್ಚುವರಿ 12ರಂತೆ ಮಿತಿಗೊಳಿಸುತ್ತದೆ, ನಿಜ. ಆದರೆ ಊರಿನ ಹೆಸರನ್ನೇ ಪಾಸ್‌ವರ್ಡ್ ಮಾಡಿದ್ದರೆ ಆ ಮಿತಿಯಿಂದ ಪ್ರಯೋಜನವಿಲ್ಲ. ಮನೆಯಿಂದಲೂ ಬಳಸುವಂತೆ ಮಾಡಿ ಎಂಬ ಒತ್ತಾಯ ಬರಬಹುದು. ಮೊದಲ ವರ್ಷ ಅದಕ್ಕೆ ಒಪ್ಪದೆ, ಕೇಂದ್ರದ ಒಳಗಿನ ಬಳಕೆಗಷ್ಟೇ ಸೀಮಿತಗೊಳಿಸುವುದು ವಿವೇಕ.

ಎಡಿಟರ್‌ಗೆ ಸೇರಿಸುವ ಉಪತಂತ್ರಾಂಶಗಳು ಎಕ್ಲಿಪ್ಸ್ ಫೌಂಡೇಶನ್ ನಡೆಸುವ ಓಪನ್ ವಿಎಸ್‌ಎಕ್ಸ್ ಎಂಬ ಭಂಡಾರದಿಂದ ಬರುತ್ತವೆ. ಮೈಕ್ರೋಸಾಫ್ಟ್‌ನ ಭಂಡಾರವನ್ನು ಬಳಸಲು ಅದರ ನಿಬಂಧನೆಗಳು ಅವಕಾಶ ಕೊಡುವುದಿಲ್ಲ. ಪೈಥಾನ್ ಕಲಿಕೆಗೆ ಬೇಕಾದುದು ಅಲ್ಲಿ ದೊರೆಯುತ್ತದೆ. ಉಳಿದುದನ್ನು ಬೇಕೆನಿಸಿದಾಗ ನೋಡಬಹುದು.

ಕನ್ನಡದ ಮಾತು

ಕನ್ನಡದಲ್ಲಿ ಬರೆಯಲು ಸಾಧ್ಯವೇ ಎಂದು ಸದಸ್ಯರು ಕೇಳುವುದು ನ್ಯಾಯವೇ. ಹಲ್ಮಿಡಿಯ ಶಾಸನ ದೊರೆತ ಜಿಲ್ಲೆಯಲ್ಲಿ ಆ ಪ್ರಶ್ನೆ ಬರದಿದ್ದರೆ ಆಶ್ಚರ್ಯ. ಸಾಧ್ಯ. ಎಡಿಟರ್ ಯೂನಿಕೋಡ್ ಬಳಸುವುದರಿಂದ ಕನ್ನಡದ ಸಾಲುಗಳು ಸರಿಯಾಗಿಯೇ ಕಾಣುತ್ತವೆ. ಇಲ್ಲಿ ಒಂದು ಗೊಂದಲ ಮಾತ್ರ ಪದೇಪದೇ ಆಗುತ್ತದೆ: ಕನ್ನಡ ಕೀಲಿಮಣೆಯನ್ನೂ ಅಕ್ಷರಶೈಲಿಯನ್ನೂ ಹಾಕಬೇಕಾದುದು ಸರ್ವರ್‌ನಲ್ಲಿ ಅಲ್ಲ, ವಿದ್ಯಾರ್ಥಿಯ ಮುಂದಿರುವ ಕಂಪ್ಯೂಟರ್‌ನಲ್ಲಿ. ಆ ಕಂಪ್ಯೂಟರ್‌ನಲ್ಲಿಯೂ ಲಿನಕ್ಸ್ ಇದ್ದರೆ ಐಬಸ್ ವ್ಯವಸ್ಥೆಯಲ್ಲಿ ಕೆಜಿಪಿ ವಿನ್ಯಾಸವನ್ನು ಆರಿಸಿಕೊಳ್ಳಬಹುದು. ನುಡಿಗೆ ಒಗ್ಗಿದ ಕೈಗೆ ಅದು ಹೊಸದೆನಿಸುವುದಿಲ್ಲ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸದೆ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಟರ್ಮಿನಲ್ ಕಿಟಕಿಯಲ್ಲಿ ಒತ್ತಕ್ಷರಗಳು ಒಡೆದು ಕಾಣುವುದೂ ಉಂಟು. ಅದು ವಿದ್ಯಾರ್ಥಿಯ ತಪ್ಪಲ್ಲ, ಟರ್ಮಿನಲ್‌ನ ಕೊರತೆ.

ಕಲಿಕೆಗೆ ಊರಿನ ವಸ್ತುಗಳೇ ಸಾಕು. ಚನ್ನರಾಯಪಟ್ಟಣದ ಹುಡುಗನೊಬ್ಬನು ಕ್ವಿಂಟಾಲ್ ಕೊಬ್ಬರಿಯ ದರದಿಂದ ತನ್ನ ಮನೆಯ ಚೀಲಗಳ ಬೆಲೆ ತೆಗೆಯುವ ಪ್ರೋಗ್ರಾಂ ಬರೆಯಬಹುದು. ಅರಕಲಗೂಡಿನವಳು ಎಕರೆಗೆ ಬೇಕಾಗುವ ಬಿತ್ತನೆ ಆಲೂಗಡ್ಡೆಯ ಲೆಕ್ಕ ಹಾಕಬಹುದು. ಕನ್ನಡದ ಪದಗಳನ್ನು ಎಣಿಸಹೊರಟರೆ ಒಂದು ಒಳ್ಳೆಯ ಪಾಠ ಎದುರಾಗುತ್ತದೆ. ಹಾಸನ ಎಂಬ ಪದದಲ್ಲಿ ಕಣ್ಣಿಗೆ ಕಾಣುವುದು 3 ಅಕ್ಷರ. ಪೈಥಾನ್ ಹೇಳುವುದು 4, ಏಕೆಂದರೆ ಹಾ ಎಂಬಲ್ಲಿನ ದೀರ್ಘವನ್ನು ಅದು ಬೇರೆಯಾಗಿ ಎಣಿಸುತ್ತದೆ. ಚನ್ನರಾಯಪಟ್ಟಣದಲ್ಲಿ ಕಣ್ಣಿಗೆ 7, ಯಂತ್ರಕ್ಕೆ 12. ಯಾಕೆ ಹೀಗೆ ಎಂದು ಕೇಳಿದ ಮಗುವಿಗೆ ಕನ್ನಡದ ಕಾಗುಣಿತವೂ ಕಂಪ್ಯೂಟರ್‌ನ ಸಂಕೇತಗಳೂ ಒಟ್ಟಿಗೆ ತಿಳಿಯುತ್ತವೆ.

ಎಲ್ಲ ಪಂಚಾಯಿತಿಗೂ ಇದು ಬೇಕೆಂದಿಲ್ಲ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಈ ಎಡಿಟರ್ ಕಠಿಣ. ಚಿತ್ರಗಳನ್ನು ಜೋಡಿಸಿ ಕಲಿಯುವ ಸ್ಕ್ರ್ಯಾಚ್ ಅವರಿಗೆ ತಕ್ಕುದು. ಕೇಂದ್ರದಲ್ಲಿ ಎರಡೇ ಕಂಪ್ಯೂಟರ್‌ಗಳಿದ್ದು ಅವೆರಡೂ ಚೆನ್ನಾಗಿದ್ದರೆ, ಸರ್ವರ್ ಇಲ್ಲದೆ ಆಯಾ ಕಂಪ್ಯೂಟರ್‌ನಲ್ಲಿಯೇ ಎಡಿಟರ್ ಹಾಕುವುದು ಸರಳ. ಹಳೆಯ ಯಂತ್ರಗಳು ಹಲವು, ಕಲಿಯುವವರೂ ಹಲವರು ಇರುವಲ್ಲಿಯೇ ಈ ವ್ಯವಸ್ಥೆ ಸಾರ್ಥಕವಾಗುವುದು.

ನಡವಳಿಯಲ್ಲಿ ಇರಬೇಕಾದುದು

ಈ ಕೆಲಸಕ್ಕೆ ಸಭೆಯು ಒಪ್ಪಿಗೆ ನೀಡುವುದಾದರೆ, ಯಂತ್ರ ಖರೀದಿಗೆ ಅನುಮೋದಿಸಲಾಗಿದೆ ಎಂಬ ಒಂದು ಸಾಲು ಸಾಲದು. ಆಡಳಿತ ಪಾಸ್‌ವರ್ಡ್ ಯಾರ ಸುಪರ್ದಿನಲ್ಲಿರುತ್ತದೆ ಎಂಬುದನ್ನು ಹುದ್ದೆಯ ಹೆಸರಿನಿಂದ ನಮೂದಿಸಬೇಕು. ಅದರ ಒಂದು ಪ್ರತಿ ಮೊಹರು ಮಾಡಿದ ಲಕೋಟೆಯಲ್ಲಿ ಕಚೇರಿಯ ಬೀರುವಿನಲ್ಲಿರಬೇಕು. ಅಳವಡಿಸಿದ ವ್ಯಕ್ತಿಯ ಬಳಿ ಪ್ರತಿ ಉಳಿಯಬಾರದು. ಕಚೇರಿಯ ಜಾಲದಿಂದ ಬೇರ್ಪಡಿಸಿರುವುದನ್ನು ದೃಢೀಕರಿಸಿ ಅಳವಡಿಸಿದವರು ಲಿಖಿತ ಹೇಳಿಕೆ ಕೊಟ್ಟ ನಂತರವೇ ಬಿಲ್ಲು ಪಾವತಿಯಾಗಬೇಕು. ವಾರಕ್ಕೊಮ್ಮೆ ಮಕ್ಕಳ ಕಡತಗಳ ಪ್ರತಿಯನ್ನು ಹೊರ ಡಿಸ್ಕ್‌ಗೆ ತೆಗೆದು, ಆ ಡಿಸ್ಕನ್ನು ಸರ್ವರ್‌ನ ಪಕ್ಕದಲ್ಲಿ ಇಡದೆ ಬೇರೆ ಕೊಠಡಿಯಲ್ಲಿಡಬೇಕು. ಮಳೆಗಾಲದಲ್ಲಿ ಸೋರುವ ಸೂರಿನ ಕೆಳಗೆ ಎರಡೂ ಒಟ್ಟಿಗೆ ಇದ್ದರೆ ಪ್ರತಿ ತೆಗೆದು ಫಲವೇನು?

ಯಾರೋ ಅನಧಿಕೃತವಾಗಿ ಪ್ರವೇಶಿಸಿದ್ದಾರೆ ಎಂಬ ಅನುಮಾನ ಬಂದರೆ ಮೊದಲು ಜಾಲದ ತಂತಿಯನ್ನು ಕಿತ್ತು, ಯಂತ್ರವನ್ನು ಆರಿಸದೆ ಹಾಗೆಯೇ ಬಿಡಬೇಕು. ಆರಿಸಿದರೆ ಕೆಲವು ಸುಳಿವುಗಳು ಅಳಿಯುತ್ತವೆ. ಕೇಂದ್ರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಸರ್ಕಾರಿ ಸಂಸ್ಥೆಗಳೂ ಇಂತಹ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಆದುದರಿಂದ ಮೇಲ್ವಿಚಾರಕರು ಅದೇ ದಿನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಗೆ ತಿಳಿಸುವುದು ಕಡ್ಡಾಯವೆಂದು ನಡವಳಿಯಲ್ಲಿಯೇ ಬರೆದಿರಬೇಕು.

ಮೇಲ್ವಿಚಾರಕರು ಬದಲಾದ ದಿನ, ಪುಸ್ತಕಗಳ ದಾಸ್ತಾನಿನೊಂದಿಗೆ ಲಕೋಟೆಯನ್ನೂ ವಹಿಯನ್ನೂ ಹಸ್ತಾಂತರಿಸಿ, ಹಳೆಯ ಪಾಸ್‌ವರ್ಡನ್ನು ಅಂದೇ ಬದಲಿಸಿ, ವಹಿಯಲ್ಲಿ ದಿನಾಂಕ ಹಾಕಿ ಇಬ್ಬರೂ ಸಹಿ ಮಾಡತಕ್ಕದ್ದು.